ಬೇಡವೆನ್ನದವರ ಸರದಿ

ಬಯಲುಸೀಮೆಯ ಒಂದು ಹೋಬಳಿ ಕೇಂದ್ರ. ಅಲ್ಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಮಕ್ಕಳು ಸಂವಿಧಾನದ ಪಾಠವನ್ನು ಚಟುವಟಿಕೆಯ ಮೂಲಕ ಕಲಿತರು. ಆ ಚಟುವಟಿಕೆಯಿಂದ ಶಾಲೆಯೊಳಗಿನ ಒಂದು ಅನ್ಯಾಯ ಬೆಳಕಿಗೆ ಬಂತು. ಅದರಿಂದಲೇ ಇನ್ನೊಂದು ಅನ್ಯಾಯವೂ ಆಯಿತು. ಕೊನೆಗೆ ಪಾಠ ಮಾಡಿದ ಶಿಕ್ಷಕಿಗೆ ನೋಟಿಸ್ ಬಂತು. ಒಬ್ಬ ಹುಡುಗಿ ಶಾಲೆಗೆ ಬರುವುದನ್ನು ನಿಲ್ಲಿಸಿದಳು. ಮಿಕ್ಕವರೆಲ್ಲ ತಮ್ಮ ತಮ್ಮ ಜಾಗದಲ್ಲೇ ಉಳಿದರು.

ಈ ಪ್ರಕರಣದಲ್ಲಿ ಇದ್ದವರಲ್ಲಿ ಹೆಚ್ಚಿನವರ ಮಾತನ್ನು ಕೇಳಿದ್ದೇನೆ, ಕಾಗದಪತ್ರಗಳನ್ನು ಓದಿದ್ದೇನೆ. ಯಾರ ಹೆಸರನ್ನೂ ಹೇಳುವುದಿಲ್ಲ. ಹೆಸರು ಹೇಳುವುದರಿಂದ ಆಗುವ ಹಾನಿಯೂ ಈ ಕಥೆಯ ಒಂದು ಭಾಗ. ಆ ಊರು ಯಾವುದೆಂದು ಹುಡುಕುವ ಅಗತ್ಯವೂ ಓದುಗರಿಗಿಲ್ಲ.

ತರಗತಿಯ ಸಂವಿಧಾನ

ಶಿಕ್ಷಕಿ ಸಮಾಜ ವಿಜ್ಞಾನ ಪಾಠ ಮಾಡುವವರು. ಆಗ ಸೇವೆಗೆ ಸೇರಿ ಆರು ವರ್ಷವಾಗಿತ್ತು. ಮಕ್ಕಳು ಚಟುವಟಿಕೆಯ ಅಂಕಕ್ಕಾಗಿ ಅಂಗಡಿಯಿಂದ ಸಂವಿಧಾನ ಪೀಠಿಕೆಯ ಚಾರ್ಟ್ ತಂದು, ಸುತ್ತ ಬಣ್ಣದ ಕಾಗದ ಅಂಟಿಸಿ ಒಪ್ಪಿಸುವುದನ್ನು ನೋಡಿ ಅವರಿಗೆ ಬೇಸರವಾಗಿತ್ತು. ಹೀಗೆ ಮಾಡಿದರೆ ಮಗು ಕಲಿಯುವುದು ಅಂಟಿಸುವುದನ್ನು ಮಾತ್ರ ಎಂದು ಅವರಿಗೆ ಅನ್ನಿಸಿತ್ತು. ಆ ವರ್ಷ ಬೇರೆ ದಾರಿ ಹಿಡಿದರು. 41 ಮಕ್ಕಳ ತರಗತಿಯನ್ನೇ ಸಂವಿಧಾನ ಸಭೆ ಮಾಡಿದರು.

ಮೊದಲು ನಿಜವಾದ ಸಂವಿಧಾನ ಸಭೆಯ ಕಥೆ ಹೇಳಿದರು. 1946ರ ಡಿಸೆಂಬರ್ 9ರಂದು ಆ ಸಭೆ ಮೊದಲ ಸಲ ಸೇರಿದ್ದು. ಏಳು ಜನರ ಕರಡು ಸಮಿತಿ. ಕರಡಿಗೆ ಬಂದ 7,635 ತಿದ್ದುಪಡಿಗಳು, ಅವುಗಳಲ್ಲಿ ಸಭೆಯ ಮುಂದೆ ಮಂಡನೆಯಾದ 2,473. ಸಲಹೆಗಾರರಾಗಿ ದುಡಿದ ಮಂಗಳೂರು ಮೂಲದ ಬೆನಗಲ್ ನರಸಿಂಗ ರಾವ್. ಇಷ್ಟೊಂದು ತಿದ್ದುಪಡಿ ಯಾಕೆ ಎಂದು ಒಬ್ಬ ಹುಡುಗ ಕೇಳಿದ. ಒಬ್ಬೊಬ್ಬರಿಗೂ ಒಂದೊಂದು ಕಡೆ ನೋವಿತ್ತು, ಅದಕ್ಕೆ ಎಂದರು ಶಿಕ್ಷಕಿ.

ಮಕ್ಕಳೂ ಏಳು ಜನರ ಕರಡು ಸಮಿತಿ ಮಾಡಿಕೊಂಡರು. ಕೊನೆಯ ಬೆಂಚಿನವರಿಗೂ ಅದರಲ್ಲಿ ಸ್ಥಾನ ಬೇಕೆಂದು ಎರಡು ಪೀರಿಯಡ್ ವಾದ ನಡೆಯಿತು, ಸ್ಥಾನ ಸಿಕ್ಕಿತು. ಅವರು ಬರೆದ ಮೊದಲ ವಿಧಿ: ತಪ್ಪು ಉತ್ತರ ಹೇಳಿದವರನ್ನು ನೋಡಿ ನಗಬಾರದು. ಮೂರನೆಯದು: ಪೆನ್ನು ಕಳೆದಾಗ ಬ್ಯಾಗು ತಪಾಸಣೆ ಮಾಡುವುದಾದರೆ ಎಲ್ಲರ ಬ್ಯಾಗನ್ನೂ ನೋಡಬೇಕು, ಕೆಲವರದ್ದನ್ನು ಮಾತ್ರ ಅಲ್ಲ. ಐದನೆಯದು: ಯಾರ ಮೇಲೆ ದೂರು ಬಂದರೂ ಅವರ ಮಾತು ಕೇಳಿದ ಮೇಲೆಯೇ ತೀರ್ಮಾನಿಸಬೇಕು.

ಮೂರನೆಯ ವಿಧಿಯನ್ನು ಗಮನಿಸಿ. ಕಾನೂನಿನ ಮುಂದೆ ಎಲ್ಲರೂ ಸಮಾನರೆಂದು ಸಂವಿಧಾನದ 14ನೇ ವಿಧಿ ಹೇಳುತ್ತದೆ. ಆ ಮಕ್ಕಳು ಅದನ್ನು ಬ್ಯಾಗು ತಪಾಸಣೆಯಲ್ಲಿ ಕಂಡುಕೊಂಡಿದ್ದರು. ಪೆನ್ನು ಕಳೆದಾಗಲೆಲ್ಲ ಯಾರ ಬ್ಯಾಗು ಮೊದಲು ತೆರೆಯುತ್ತದೆಂಬುದು ತರಗತಿಗೆಲ್ಲ ಗೊತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಒಂದು ಸಭೆ ಬೇಕಾಯಿತು. ಒಳ್ಳೆಯ ಪಾಠ ಮಾಡಬೇಕಾದದ್ದು ಇದನ್ನೇ, ಈ ಹಂತದವರೆಗೆ ಶಿಕ್ಷಕಿಯ ಕೆಲಸದಲ್ಲಿ ಕುಂದು ಹುಡುಕುವಂತಿಲ್ಲ. ಐದನೆಯ ವಿಧಿಯನ್ನೂ ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು.

ಆರು ವಾರದ ಪಟ್ಟಿ

ಎರಡನೆಯ ಹಂತದಲ್ಲಿ ತರಗತಿಯನ್ನು ಐದು ಗುಂಪು ಮಾಡಿದರು. ಒಂದೊಂದು ಗುಂಪಿಗೂ ಮೂಲಭೂತ ಹಕ್ಕುಗಳ ಒಂದೊಂದು ವಿಧಿ. ಆ ವಿಧಿ ನಮ್ಮ ಶಾಲೆಯ ಕಾಂಪೌಂಡಿನೊಳಗೆ ಎಲ್ಲಿ ಪಾಲನೆಯಾಗುತ್ತಿದೆ, ಎಲ್ಲಿ ಆಗುತ್ತಿಲ್ಲ ಎಂದು ನೋಡಿ ಬರೆಯಬೇಕು. ಅಸ್ಪೃಶ್ಯತೆಯನ್ನು ರದ್ದುಪಡಿಸಿ, ಯಾವ ರೂಪದಲ್ಲೂ ಅದರ ಆಚರಣೆಯನ್ನು ನಿಷೇಧಿಸುವ 17ನೇ ವಿಧಿ ಬಂದ ಗುಂಪಿನ ಮಕ್ಕಳು ಮೊದಲ ದಿನವೇ ವಾಪಸು ಬಂದರು. "ನಮ್ಮ ಶಾಲೇಲಿ ಅದೆಲ್ಲ ಇಲ್ಲ ಟೀಚರ್. ಎಲ್ರೂ ಒಟ್ಟಿಗೇ ಬಿಸಿಯೂಟ ಮಾಡ್ತೀವಿ" ಎಂದರು. "ಇದೆ, ಇಲ್ಲ ಅಂತ ಬರೀಬೇಡಿ. ಕಂಡದ್ದನ್ನ ಬರೀರಿ" ಎಂದರು ಶಿಕ್ಷಕಿ.

ಮಕ್ಕಳು ಒಂದು ಲಾಂಗ್ ಬುಕ್ಕಿನ ಹಿಂದಿನ ಹಾಳೆಗಳಲ್ಲಿ ಸ್ಕೇಲಿಟ್ಟು ಗೆರೆ ಎಳೆದರು. ಎಡಕ್ಕೆ ದಿನಾಂಕ. ಮೇಲೆ ಐದು ಕಲಮುಗಳು: ತರಗತಿ ಗುಡಿಸಿದವರು, ಹಲಗೆ ಒರೆಸಿದವರು, ಗಿಡಕ್ಕೆ ನೀರು ಹಾಕಿದವರು, ಸ್ಟಾಫ್ ರೂಮಿಗೆ ಕುಡಿಯುವ ನೀರು ತಂದವರು, ಶೌಚಾಲಯಕ್ಕೆ ನೀರು ಹಾಕಿ ತೊಳೆದವರು. ದಸರಾ ರಜೆಗೆ ಮುಂಚೆ ಎರಡು ವಾರ, ರಜೆ ಮುಗಿದ ಮೇಲೆ ನಾಲ್ಕು ವಾರ, ದಿನವೂ ತುಂಬಿದರು. ಮೊದಲ ಮೂರು ಕಲಮುಗಳಲ್ಲಿ ಹೆಸರುಗಳು ಬದಲಾಗುತ್ತಾ ಹೋದವು. ಕೊನೆಯ ಕಲಮಿನಲ್ಲಿ ಆರು ವಾರವೂ ನಾಲ್ಕೇ ಹೆಸರುಗಳು. ನಾಲ್ವರೂ ಒಂದೇ ಕೇರಿಯ ಮಕ್ಕಳು. ಆ ನಾಲ್ವರಲ್ಲಿ ಒಬ್ಬರ ಹೆಸರೂ ಕುಡಿಯುವ ನೀರಿನ ಕಲಮಿನಲ್ಲಿ ಒಂದು ದಿನವೂ ಇರಲಿಲ್ಲ.

ಪಟ್ಟಿ ಪೂರ್ತಿಯಾದ ದಿನ ಆ ಗುಂಪು ತುಂಬ ಹೊತ್ತು ಸುಮ್ಮನಿತ್ತಂತೆ. ಅವರು ಕಂಡದ್ದು ಹೊಸದೇನಲ್ಲ, ದಿನವೂ ಕಣ್ಣೆದುರಿಗೆ ಇದ್ದದ್ದೇ. ಸಾಲಾಗಿ ಬರೆದಾಗ ಮಾತ್ರ ಅದು ಅಸ್ಪೃಶ್ಯತೆಯಾಗಿ ಕಂಡಿತು.

ಇಲ್ಲಿ ದೈಹಿಕ ಶಿಕ್ಷಕರ ಮಾತನ್ನೂ ಹೇಳಬೇಕು. ಸರದಿ ಹಾಕುತ್ತಿದ್ದವರು ಅವರು, ಮಕ್ಕಳ ಬಾಯಲ್ಲಿ ಪಿ.ಟಿ. ಮೇಷ್ಟ್ರು. ಶಾಲೆಯಲ್ಲಿ ಡಿ ಗ್ರೂಪ್ ಹುದ್ದೆ ಎಷ್ಟೋ ವರ್ಷಗಳಿಂದ ಖಾಲಿ. ಶೌಚಾಲಯಕ್ಕೆ ನಲ್ಲಿ ಸಂಪರ್ಕ ಇರಲಿಲ್ಲ, ಆಚೆ ಮೂಲೆಯ ತೊಟ್ಟಿಯಿಂದ ಬಕೆಟ್ಟಿನಲ್ಲಿ ನೀರು ಹೊರಬೇಕು. ಸ್ವಚ್ಛತೆಗೆಂದು ಬರುವ ಹಣ ಫಿನಾಯಿಲಿಗೂ ಸಾಲದು. "ನಾನು ಜಾತಿ ನೋಡಿ ಹಾಕಿಲ್ಲ. ಎಲ್ರಿಗೂ ಹೇಳ್ದೆ. ಒಬ್ಬನಿಗೆ ಸೊಂಟ ನೋವು, ಒಬ್ಬಳಿಗೆ ಮನೇಲಿ ಬೈತಾರೆ, ಇನ್ನೊಬ್ಬನ ಅಪ್ಪ ಬಂದು ಜಗಳಾನೇ ಮಾಡಿದ್ರು. ಈ ನಾಲ್ಕು ಮಕ್ಕಳು ಮಾತ್ರ ಬೇಡ ಅನ್ನಲಿಲ್ಲ. ಅವ್ರಿಗೇ ಹೇಳ್ತಾ ಹೋದೆ" ಎಂದರು.

ಅವರು ಸುಳ್ಳು ಹೇಳಿದರೆಂದು ನನಗೆ ಅನ್ನಿಸುವುದಿಲ್ಲ. ಜಾತಿಪಟ್ಟಿ ಮುಂದಿಟ್ಟುಕೊಂಡು ಅವರು ಸರದಿ ಹಾಕಿರಲಾರರು. ಬೇಡವೆನ್ನದವರನ್ನು ಆರಿಸಿಕೊಂಡರು, ಅಷ್ಟೇ. ಆದರೆ ಬೇಡವೆನ್ನುವ ಧೈರ್ಯ ನಮ್ಮ ಊರುಗಳಲ್ಲಿ ಎಲ್ಲ ಮಕ್ಕಳಿಗೂ ಸಮನಾಗಿ ಸಿಕ್ಕಿಲ್ಲ. ಯಾರ ಅಪ್ಪ ಶಾಲೆಗೆ ಬಂದು ಜಗಳ ಮಾಡಬಲ್ಲ, ಯಾರ ಅಪ್ಪ ಗೇಟಿನ ಹೊರಗೇ ನಿಲ್ಲುತ್ತಾನೆ ಎಂಬುದನ್ನು ತಲೆಮಾರುಗಳು ನಿರ್ಧರಿಸಿವೆ. ಹಾಗಿರುವಾಗ ಬೇಡವೆನ್ನದವರಿಗೆ ಕೆಲಸ ಹಂಚಿದರೆ ಅದು ಜಾತಿ ನೋಡಿ ಹಂಚಿದ ಹಾಗೆಯೇ. ಹಂಚಿದವರ ಮನಸ್ಸಿನಲ್ಲಿ ದ್ವೇಷ ಇರಲಿಲ್ಲವೆಂದ ಮಾತ್ರಕ್ಕೆ ಬಕೆಟ್ಟಿನ ಭಾರ ಕಡಿಮೆಯಾಗುವುದಿಲ್ಲ.

ನವೆಂಬರ್ 26

ದೇಶದಲ್ಲಿ 2015ರಿಂದ ನವೆಂಬರ್ 26ನ್ನು ಸಂವಿಧಾನ ದಿನವಾಗಿ ಆಚರಿಸಲಾಗುತ್ತಿದೆ. 1949ರಲ್ಲಿ ಸಂವಿಧಾನವನ್ನು ಅಂಗೀಕರಿಸಿದ ದಿನ ಅದು. ಆ ದಿನಕ್ಕೆ ಐದೂ ಗುಂಪುಗಳ ಚಾರ್ಟ್‌ಗಳನ್ನು ಕಾರಿಡಾರಿನ ಗೋಡೆಗೆ ಅಂಟಿಸುವುದೆಂದು ತೀರ್ಮಾನವಾಯಿತು. ಹಿಂದಿನ ಸಂಜೆ ಅವಸರದಲ್ಲಿ ಚಾರ್ಟ್ ತಯಾರಾಗುತ್ತಿತ್ತು. ಹೆಸರುಗಳನ್ನೂ ಬರೆಯುವುದೇ ಎಂದು ಒಬ್ಬಳು ಕೇಳಿದಳು. ದಾಖಲೆ ಎಂದಮೇಲೆ ಪೂರ್ತಿ ಇರಲಿ ಎಂದರು ಶಿಕ್ಷಕಿ. ನಾಲ್ಕು ಹೆಸರುಗಳು ದಪ್ಪ ಅಕ್ಷರದಲ್ಲಿ ಚಾರ್ಟಿಗೆ ಬಂದವು. ಕೆಳಗೆ ಒಬ್ಬ ಹುಡುಗ ದೈಹಿಕ ಶಿಕ್ಷಕರ ಹೆಸರು ಬರೆದು, ಅದರ ಮುಂದೆ ಕೆಂಪು ಸ್ಕೆಚ್ ಪೆನ್ನಿನಲ್ಲಿ 'ಅಪರಾಧಿ' ಎಂದು ಸೇರಿಸಿದ. ಶಿಕ್ಷಕಿ ಅದನ್ನು ನೋಡಿದರು. ಅಳಿಸಲು ಹೇಳಲಿಲ್ಲ.

ದೈಹಿಕ ಶಿಕ್ಷಕರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ. ಆ ನಾಲ್ವರು ಮಕ್ಕಳನ್ನೂ ಕೇಳಿರಲಿಲ್ಲ. ನಾಲ್ವರಲ್ಲಿ ಒಬ್ಬಳು ಅದೇ ಒಂಬತ್ತನೇ ತರಗತಿಯವಳು, ಅದೇ ಕೋಣೆಯಲ್ಲಿ, ವಾಕ್ ಸ್ವಾತಂತ್ರ್ಯದ 19ನೇ ವಿಧಿಯ ಗುಂಪಿನಲ್ಲಿ ಕುಳಿತು ತನ್ನ ಚಾರ್ಟಿಗೆ ಬಣ್ಣ ಹಾಕುತ್ತಿದ್ದಳು.

ಮರುದಿನ ಕಾರ್ಯಕ್ರಮ ನಡೆಯಿತು. ಪೀಠಿಕೆಯನ್ನು ಎಲ್ಲರೂ ನಿಂತು ಓದಿದರು. ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷರು, ಊರಿನ ಕೆಲವು ಹಿರಿಯರು, ಪೋಷಕರು ಬಂದಿದ್ದರು. ಭಾಷಣಗಳು ಮುಗಿದ ಮೇಲೆ ಗೋಡೆಯ ಮುಂದೆ ಜನ ಸೇರಿದರು. ಸ್ವಲ್ಪ ಹೊತ್ತಿಗೆ ಮುಖ್ಯೋಪಾಧ್ಯಾಯರನ್ನು ಪಕ್ಕಕ್ಕೆ ಕರೆದು ಮಾತಾಡಿದರು. ಮರುದಿನ ಬೆಳಿಗ್ಗೆ ಮಕ್ಕಳು ಬರುವಷ್ಟರಲ್ಲಿ ಐದರಲ್ಲಿ ನಾಲ್ಕು ಚಾರ್ಟ್‌ಗಳು ಮಾತ್ರ ಗೋಡೆಯಲ್ಲಿದ್ದವು.

ಆ ಹುಡುಗಿ ಅಂದಿನಿಂದ ಶಾಲೆಗೆ ಬರಲಿಲ್ಲ. "ನನ್ನ ಹೆಸ್ರು ಯಾಕೆ ಬರೆದ್ರಿ? ಇಷ್ಟು ದಿನ ಶಾಲೆಗೆ ಮಾತ್ರ ಗೊತ್ತಿತ್ತು, ಈಗ ಊರಿಗೆಲ್ಲ ಗೊತ್ತಾಯ್ತು" ಎಂದು ಗೆಳತಿಯೊಬ್ಬಳ ಹತ್ತಿರ ಹೇಳಿದ್ದಳು. ವಿಷಯ ತಿಳಿದು ಶಿಕ್ಷಕಿ ಅವಳ ಮನೆಗೆ ಹೋದರು. ತಂದೆ ಕೂರಲು ಹೇಳಿದರು, ಕಾಫಿ ಕೊಡಲೋ ಬೇಡವೋ ಎಂದು ಅನುಮಾನಿಸಿ ಕೊನೆಗೆ ಕೊಟ್ಟರು. ಅವರು ಆಡಿದ್ದು ಒಂದೇ ಮಾತು: "ತೊಳ್ಸಿದ್ದು ತಪ್ಪೇ, ಮೇಡಂ. ಗೋಡೆಗೆ ಹಾಕಿದ್ದೂ ತಪ್ಪೇ."

ಈ ಪ್ರಕರಣದಲ್ಲಿ ನಾನು ಕೇಳಿದ ಅತ್ಯಂತ ನ್ಯಾಯವಾದ ಮಾತು ಅದು.

ನೋಟಿಸ್ ಮತ್ತು ವಿಚಾರಣೆ

ಡಿಸೆಂಬರಿನಲ್ಲಿ ಶಿಕ್ಷಕಿಗೆ ಕಾರಣ ಕೇಳಿ ನೋಟಿಸ್ ಬಂತು. ಆರೋಪ ಎರಡು. ಪಠ್ಯಕ್ರಮಕ್ಕೆ ಹೊರತಾದ ಚಟುವಟಿಕೆ ನಡೆಸಿದ್ದು, ಶಾಲೆಯ ಘನತೆಗೆ ಧಕ್ಕೆ ತಂದದ್ದು. ಶಿಕ್ಷಕಿಯ ಉತ್ತರ ಮೂರು ಪುಟ. ಪಾಠದ ಉದ್ದೇಶ, ನಡೆಸಿದ ವಿಧಾನ, ಮಕ್ಕಳು ಕಂಡ ಸಂಗತಿ ಎಲ್ಲವನ್ನೂ ವಿವರಿಸಿದ್ದಾರೆ. ಕೊನೆಯ ಪುಟದಲ್ಲಿ, ನಾಲ್ವರು ಮಕ್ಕಳ ಹೆಸರನ್ನು ಅವರ ಒಪ್ಪಿಗೆ ಇಲ್ಲದೆ ಪ್ರದರ್ಶಿಸಿದ್ದು ಮತ್ತು ಸಹೋದ್ಯೋಗಿಯನ್ನು ಕೇಳದೆ ಅಪರಾಧಿ ಎಂದು ಬರೆಯಲು ಬಿಟ್ಟದ್ದು ತಮ್ಮ ತಪ್ಪೆಂದು ಸ್ಪಷ್ಟವಾಗಿ ಒಪ್ಪಿಕೊಂಡಿದ್ದಾರೆ.

ವಿಚಾರಣೆಗೆ ಬಂದ ಅಧಿಕಾರಿ ಮುಖ್ಯೋಪಾಧ್ಯಾಯರನ್ನು, ದೈಹಿಕ ಶಿಕ್ಷಕರನ್ನು, ಸಮಿತಿಯ ಅಧ್ಯಕ್ಷರನ್ನು, ಶಿಕ್ಷಕಿಯನ್ನು ಕೇಳಿದರು. ಮಕ್ಕಳನ್ನು ಕೇಳಲಿಲ್ಲ. ಆರು ವಾರದ ಲಾಂಗ್ ಬುಕ್ಕನ್ನು ತರಿಸಿ ನೋಡಲಿಲ್ಲ. ಶಿಕ್ಷಕಿಯನ್ನು ಆ ಶೈಕ್ಷಣಿಕ ವರ್ಷ ಮುಗಿಯುವವರೆಗೆ ತಾಲ್ಲೂಕಿನ ಇನ್ನೊಂದು ತುದಿಯ ಶಾಲೆಗೆ ನಿಯೋಜನೆ ಮಾಡಲಾಯಿತು. ದೈಹಿಕ ಶಿಕ್ಷಕರಿಗೆ ಬಾಯಿಮಾತಿನ ಎಚ್ಚರಿಕೆ.

ಮುಖ್ಯೋಪಾಧ್ಯಾಯರು ಕೆಟ್ಟವರಲ್ಲ. ಎಸ್ಸೆಸ್ಸೆಲ್ಸಿ ಫಲಿತಾಂಶಕ್ಕಾಗಿ ಸಂಜೆಯ ವಿಶೇಷ ತರಗತಿಗಳನ್ನು ತಾವೇ ನಿಂತು ನಡೆಸಿದವರು, ಫೀಸು ಕಟ್ಟಲಾಗದ ಮಕ್ಕಳಿಗೆ ಕೈಯಿಂದ ಕಟ್ಟಿದವರು. "ನಿವೃತ್ತಿಗೆ ಎರಡು ವರ್ಷ ಇತ್ತು. ಜಾತಿ ಕೇಸು ಅಂತ ಆದ್ರೆ ಪಿಂಚಣಿ ನಿಂತುಹೋಗುತ್ತೆ ಅಂತ ಹೆದರಿದೆ. ಕಿತ್ತು ಹಾಕಿಸ್ದೆ" ಎಂದರು. ಮುಚ್ಚಿಡಲಿಲ್ಲ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಗೆ 1989ರಲ್ಲಿ ಬಂದ ಕಾಯ್ದೆ ಅವರ ಮನಸ್ಸಿನಲ್ಲಿತ್ತು. ಆದರೆ ಆ ಕಾಯ್ದೆ ಇರುವುದು ಯಾರ ರಕ್ಷಣೆಗೋ ಆ ನಾಲ್ವರು ಮಕ್ಕಳು ಆ ಹೊತ್ತಿನಲ್ಲಿ ಅವರ ಮನಸ್ಸಿಗೆ ಬರಲಿಲ್ಲ.

ಜನವರಿಯಲ್ಲಿ ಶೌಚಾಲಯ ತೊಳೆಯುವ ಸರದಿ ನಿಂತಿತು. ಸಮಿತಿಯವರು ದಿನಗೂಲಿಯ ಮೇಲೆ ಒಬ್ಬ ಹೆಂಗಸನ್ನು ನೇಮಿಸಿಕೊಂಡರು. ಆಕೆಯೂ ಅದೇ ಕೇರಿಯವರು, ನಾಲ್ವರು ಮಕ್ಕಳಲ್ಲಿ ಒಬ್ಬನಿಗೆ ದೊಡ್ಡಮ್ಮನಾಗಬೇಕು. ಊರಿನ ಮಟ್ಟಿಗೆ ಪ್ರಕರಣ ಅಲ್ಲಿಗೆ ಮುಗಿಯಿತು. ಹುಡುಗಿ ಮುಂದಿನ ವರ್ಷ ಬೇರೆ ಊರಿನ ಹಾಸ್ಟೆಲಿಗೆ ಸೇರಿ ಹತ್ತನೇ ತರಗತಿ ಓದಿದಳು.

ಯಾರು ಎಷ್ಟು ತಪ್ಪಿದರು

ಈಗ ತೀರ್ಪಿನ ಮಾತು.

ನೋಟಿಸಿನಲ್ಲಿದ್ದ ಎರಡು ಆರೋಪಗಳೂ ನಿಲ್ಲುವಂಥವಲ್ಲ. ಸಂವಿಧಾನ ಪಠ್ಯದಲ್ಲೇ ಇದೆ. ಪಠ್ಯದಲ್ಲಿ ಇರುವುದನ್ನು ಶಾಲೆಯಲ್ಲಿ ಹುಡುಕಿದರೆ ಅದು ಪಠ್ಯಕ್ಕೆ ಹೊರತಾಗುವುದಿಲ್ಲ. ಶಾಲೆಯ ಘನತೆಗೆ ಧಕ್ಕೆಯಾದದ್ದು ಆರು ವಾರದ ಆ ಸರದಿಯಿಂದ, ಅದನ್ನು ಬರೆದಿಟ್ಟ ಪಟ್ಟಿಯಿಂದ ಅಲ್ಲ. ಶಿಕ್ಷಕಿ ನಿಜಕ್ಕೂ ಮಾಡಿದ ತಪ್ಪು ನೋಟಿಸಿನಲ್ಲಿ ಇರಲೇ ಇಲ್ಲ. ಅವರೇ ಒಪ್ಪಿಕೊಂಡರೂ ಅದನ್ನು ತಪ್ಪೆಂದು ಗಣಿಸುವವರು ಆ ಕಚೇರಿಯಲ್ಲಿ ಇರಲಿಲ್ಲ. ಏಕೆಂದರೆ ಆ ತಪ್ಪಿನಿಂದ ನೊಂದದ್ದು ನಾಲ್ವರು ಮಕ್ಕಳು. ಶಾಲೆಯ ಘನತೆ, ಇಲಾಖೆಯ ಘನತೆ ಎಂದು ಬರೆಯುವ ಕೈಗೆ ಮಗುವಿನ ಘನತೆ ಎಂದು ಬರೆಯುವ ಅಭ್ಯಾಸ ಇರಲಿಲ್ಲ.

2017ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಒಮ್ಮತದಿಂದ ಎತ್ತಿಹಿಡಿಯಿತು. ಆ ಅರ್ಜಿ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಘನತೆಯಿಂದ ಬದುಕುವ ಹಕ್ಕಿನಿಂದ ಖಾಸಗಿತನವನ್ನು ಬೇರೆ ಮಾಡಲಾಗದು ಎಂಬುದು ಆ ತೀರ್ಪಿನ ಸಾರ. ಬಡ ಹುಡುಗಿಗೆ ತನ್ನ ಅವಮಾನದ ಕಥೆಯನ್ನು ಯಾವಾಗ, ಯಾರಿಗೆ ಹೇಳಬೇಕೆಂದು ತಾನೇ ನಿರ್ಧರಿಸುವ ಹಕ್ಕಿದೆ. ಅವಳ ಪರವಾಗಿ ಹೋರಾಡುವವರಿಗೂ ಅದನ್ನು ಕಸಿದುಕೊಳ್ಳುವ ಅಧಿಕಾರವಿಲ್ಲ.

ಮಕ್ಕಳ ತಪ್ಪನ್ನು ಮೃದುವಾಗಿ, ಆದರೆ ಮರೆಯದೆ ಹೇಳಬೇಕು. ದೂರು ಬಂದವರ ಮಾತು ಕೇಳಿದ ಮೇಲೆಯೇ ತೀರ್ಮಾನಿಸಬೇಕೆಂದು ಐದನೆಯ ವಿಧಿ ಬರೆದವರು ಅವರೇ. ತಮ್ಮ ಬ್ಯಾಗಿನ ವಿಷಯದಲ್ಲಿ ಅದು ಬೇಕೆನ್ನಿಸಿತ್ತು. ಕೆಂಪು ಪೆನ್ನು ಕೈಗೆ ಬಂದ ಸಂಜೆ ಮರೆತುಹೋಯಿತು. ಆರೋಪಿಯ ಮಾತನ್ನು ಕೇಳಬೇಕೆಂಬುದು ಸಹಜ ನ್ಯಾಯದ ಮೊದಲ ಮೆಟ್ಟಿಲು. ಆರೋಪ ನಿಜವೆಂದು ಗೊತ್ತಿದ್ದಾಗಲೂ ಅದನ್ನು ದಾಟಿ ಹೋಗುವಂತಿಲ್ಲ. ಕೇಳಿದ್ದರೆ ಅವರ ಪಟ್ಟಿ ಇನ್ನೂ ಬಲವಾಗುತ್ತಿತ್ತು. ಬೇಡ ಅನ್ನದವರಿಗೆ ಹೇಳಿದೆ ಎಂಬ ಉತ್ತರ ಸಿಗುತ್ತಿತ್ತು. ಒಬ್ಬ ಮೇಷ್ಟ್ರ ತಪ್ಪು ಎಲ್ಲಿ ಮುಗಿಯುತ್ತದೆ, ಇಡೀ ಊರಿನ ತಪ್ಪು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಆ ಒಂದು ಉತ್ತರದಿಂದಲೇ ಕಲಿಯಬಹುದಿತ್ತು.

ಅಧಿಕಾರದ ಜಾಗದಲ್ಲಿ ಕೂತೊಡನೆ ನಾವು ಬರೆದ ನಿಯಮವನ್ನು ನಾವೇ ಮುರಿಯುತ್ತೇವೆ. ಸಂವಿಧಾನದ ಅಗತ್ಯ ಬಿದ್ದದ್ದೇ ಇದಕ್ಕೆ. 1948ರ ನವೆಂಬರ್ 4ರಂದು ಕರಡನ್ನು ಸಭೆಯ ಮುಂದಿಡುತ್ತಾ ಅಂಬೇಡ್ಕರ್ ಅವರು, ಸಾಂವಿಧಾನಿಕ ನೈತಿಕತೆ ಮನುಷ್ಯನಿಗೆ ಹುಟ್ಟಿನಿಂದ ಬರುವುದಲ್ಲ, ಬೆಳೆಸಿಕೊಳ್ಳಬೇಕಾದದ್ದು, ನಮ್ಮ ಜನ ಅದನ್ನು ಇನ್ನೂ ಕಲಿಯಬೇಕಿದೆ ಎಂದು ಎಚ್ಚರಿಸಿದ್ದರು. ಅದಾಗಿ ಒಂದು ತಿಂಗಳೂ ಕಳೆಯುವ ಮೊದಲೇ, ನವೆಂಬರ್ 29ರಂದು, ಅಸ್ಪೃಶ್ಯತೆಯ ವಿಧಿಗೆ ಸಭೆ ಒಪ್ಪಿಗೆ ಕೊಟ್ಟಿತು. ವಿಧಿ ಒಂದು ದಿನದಲ್ಲಿ ಅಂಗೀಕಾರವಾಯಿತು. ನೈತಿಕತೆ ಹಾಗೆ ಅಂಗೀಕಾರವಾಗುವಂಥದ್ದಲ್ಲ.

ತಪ್ಪನ್ನು ತೂಗುವಾಗ ಅಧಿಕಾರವನ್ನೂ ತೂಗಬೇಕು. ಹದಿನಾಲ್ಕು ವರ್ಷದ ಹುಡುಗ ಒಂದು ಸಂಜೆ ಮಾಡಿದ ತಪ್ಪು, ಶಿಕ್ಷಕಿ ಅವಸರದಲ್ಲಿ ಮಾಡಿ ಆಮೇಲೆ ಬರೆದು ಒಪ್ಪಿಕೊಂಡ ತಪ್ಪು, ಅಧಿಕಾರಿ ಸಮಾಧಾನದಿಂದ ಕೂತು ಮಾಡಿದ ತಪ್ಪು ಒಂದೇ ತೂಕದವಲ್ಲ. ಎಲ್ಲಕ್ಕಿಂತ ಭಾರವಾದದ್ದು ಕೊನೆಯದು. ಮಗುವಿಗೆ ಸಂಬಂಧಿಸಿದ ವಿಷಯಗಳಲ್ಲಿ ಅದರ ಅಭಿಪ್ರಾಯ ಕೇಳಬೇಕೆಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಭಾರತ ಅದಕ್ಕೆ 1992ರಲ್ಲೇ ಒಪ್ಪಿದೆ. ಮಕ್ಕಳ ವಿಷಯದ ವಿಚಾರಣೆಯಲ್ಲಿ ಮಕ್ಕಳನ್ನೇ ಕೇಳದ ಅಧಿಕಾರಿಗೆ ಅದು ಗೊತ್ತಿರಲಿಲ್ಲವೆಂದರೆ ನಂಬುವುದು ಕಷ್ಟ.

ನಾವು ಕಲಿಸುತ್ತಿರುವುದೇನು

ಪೌರನೀತಿ ಎಂಬ ವಿಷಯ ನಮ್ಮ ಶಾಲೆಗಳಿಗೆ ಬಂದದ್ದು ಬ್ರಿಟಿಷರ ಕಾಲದಲ್ಲಿ. ಜನರಲ್ಲಿ ಬೆಳೆಯುತ್ತಿದ್ದ ಅವಿಧೇಯತೆಗೆ ಮದ್ದಾಗಿ ಅದನ್ನು ತಂದರೆಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಗುರುತಿಸಿ, ಅದರ ಜಾಗದಲ್ಲಿ ರಾಜ್ಯಶಾಸ್ತ್ರ ಇರಲಿ ಎಂದು ಸೂಚಿಸಿತು. ಪುಸ್ತಕದಲ್ಲಿ ಬದಲಾವಣೆ ಆಯಿತು. ದೊಡ್ಡವರಾದ ನಮ್ಮ ಮನಸ್ಸಿನಲ್ಲಿ ಮಾತ್ರ ಒಳ್ಳೆಯ ಪ್ರಜೆ ಎಂದರೆ ಇಂದಿಗೂ ಹೇಳಿದ್ದು ಕೇಳುವವನು. ಕರ್ನಾಟಕದ ಶಾಲೆಗಳಲ್ಲಿ ಪೀಠಿಕೆಯ ಓದನ್ನು 2023ರಲ್ಲಿ ಕಡ್ಡಾಯ ಮಾಡಲಾಯಿತು. ಅದು ಒಳ್ಳೆಯದೇ. ಆದರೆ ಬೆಳಿಗ್ಗೆ ಸಮಾನತೆ, ಭ್ರಾತೃತ್ವ ಎಂದು ಓದಿದ ಮಗು ಮಧ್ಯಾಹ್ನ ಅದನ್ನು ಕೇಳಿದರೆ ನಮಗೆ ಇರಿಸುಮುರಿಸು. ಹಕ್ಕುಗಳು ದೂರದ ಸರ್ಕಾರದ ವಿರುದ್ಧ ಇದ್ದಾಗ ಚೆಂದ, ನಮ್ಮ ಕಾಂಪೌಂಡಿನೊಳಗೆ ಬಂದರೆ ಅಶಿಸ್ತು ಎಂಬ ಭಾವನೆ ಆ ಶಾಲೆಯ ಗೋಡೆಗಳೊಳಗೆ ಮಾತ್ರ ಇಲ್ಲ.

ಬೇಡವೆನ್ನದವರಿಗೆ ಕೆಲಸ ಹೊರಿಸುವ ಪದ್ಧತಿಯೂ ಅಷ್ಟೇ. ನಮ್ಮ ಕಚೇರಿಗಳಲ್ಲಿ ಹೊತ್ತು ಮೀರಿ ಕೂರುವವರು ಯಾರು, ಮದುವೆ ಮನೆಯಲ್ಲಿ ಎಂಜಲೆಲೆ ಎತ್ತುವವರು ಯಾರು, ಮನೆಯಲ್ಲಿ ಹಬ್ಬದ ದಿನ ಕೊನೆಗೆ ಊಟಕ್ಕೆ ಕೂರುವವರು ಯಾರು, ಅಪಾರ್ಟ್‌ಮೆಂಟುಗಳಲ್ಲಿ ಬೇರೆ ಲಿಫ್ಟಿನಲ್ಲಿ ಹೋಗಬೇಕಾದವರು ಯಾರು ಎಂದು ಆರು ವಾರ ಗೆರೆ ಎಳೆದು ಬರೆದರೆ ನಮ್ಮ ಪಟ್ಟಿಯಲ್ಲೂ ಅದೇ ನಾಲ್ಕು ಹೆಸರುಗಳಂಥವೇ ಸಿಕ್ಕಾವು. ಅವರನ್ನು ಕೇಳಿ ನೋಡಿ, ಅವರೂ ಬೇಡ ಅನ್ನಲಿಲ್ಲ ಎಂದೇ ನಾವು ಹೇಳುತ್ತೇವೆ. ಮಕ್ಕಳಿಂದ ತೊಳೆಸುವುದನ್ನು ಬಿಟ್ಟು ಅದೇ ಕೇರಿಯ ಹೆಂಗಸಿನಿಂದ ತೊಳೆಸಿದರೆ ಸುಧಾರಣೆ ಆಯಿತೆಂದು ಒಪ್ಪಿಕೊಂಡುಬಿಡುತ್ತೇವೆ. ಆಕೆಗೆ ಕೂಲಿ ಸಿಗುತ್ತದೆ, ಅದು ಸಣ್ಣ ವಿಷಯವಲ್ಲ. ಆದರೆ ಆ ಕೆಲಸಕ್ಕೆ ಬೇರೆ ಕೇರಿಯಿಂದ ಯಾರನ್ನೂ ಕೇಳಲೇ ಇಲ್ಲ ಎಂಬುದೂ ಸಣ್ಣ ವಿಷಯವಲ್ಲ.

ಇಂಥ ಪಾಠ ಮಾಡುವ ಶಿಕ್ಷಕರಿಗೆ ಈ ಪ್ರಕರಣ ಕಲಿಸುವುದು ಹಿಂಜರಿಕೆಯನ್ನಲ್ಲ, ಕ್ರಮವನ್ನು. ಪಟ್ಟಿ ಮಾಡಿಸಿ. ಕೆಲಸವನ್ನು ಬರೆಯಿರಿ, ಕೆಲಸ ಮಾಡಿದ ಮಗುವಿನ ಹೆಸರನ್ನು ಬರೆಯಬೇಡಿ. ನೊಂದ ಮಗುವನ್ನು ಒಬ್ಬಳನ್ನೇ ಕರೆದು, ಒಲ್ಲೆ ಎಂದರೆ ಬಿಡುವೆನೆಂದು ಮೊದಲೇ ಮಾತು ಕೊಟ್ಟು ಕೇಳಿ. ಯಾರ ಮೇಲೆ ದೂರೋ ಅವರ ಉತ್ತರಕ್ಕೂ ಅದೇ ಹಾಳೆಯಲ್ಲಿ ಜಾಗ ಬಿಡಿ. ಗೋಡೆಗೆ ಹಾಕುವ ಮೊದಲು ಮುಖ್ಯೋಪಾಧ್ಯಾಯರ ಮೇಜಿಗೆ, ಶಾಲಾಭಿವೃದ್ಧಿ ಸಮಿತಿಯ ಸಭೆಗೆ, ಮಕ್ಕಳ ಗ್ರಾಮಸಭೆಗೆ ತೆಗೆದುಕೊಂಡು ಹೋಗಿ, ಬರೆದು ಕೊಟ್ಟು ಸ್ವೀಕೃತಿ ಪಡೆಯಿರಿ. ಅಲ್ಲಿ ಆಗದಿದ್ದರೆ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ ಇದೆ. ಈ ದಾರಿ ನಿಧಾನ. ಆದರೆ ನಿಧಾನವಾದ ಈ ದಾರಿಯನ್ನು ಕಲಿಸುವುದೇ ಸಂವಿಧಾನದ ಪಾಠದ ಅರ್ಧ ಭಾಗ, ಉಳಿದರ್ಧ ಆ ಹುಡುಗರು ಲಾಂಗ್ ಬುಕ್ಕಿನಲ್ಲಿ ಮಾಡಿದ ಕೆಲಸ.

ಅಧಿಕಾರಿಗಳಲ್ಲಿ ಒಂದು ವಿನಂತಿ. ಇಂಥ ಪ್ರಕರಣ ನಿಮ್ಮ ಮೇಜಿಗೆ ಬಂದಾಗ ಮೊದಲು ಮಕ್ಕಳು ಬರೆದದ್ದು ನಿಜವೇ ಎಂದು ನೋಡಿ. ಬರೆಸಿದವರ ವಿಚಾರಣೆ ಆಮೇಲೆ ಆಗಲಿ.

ಪೋಷಕರಾದ ಓದುಗರಿಗೂ ಒಂದು ಕೆಲಸ ಇದೆ. ಇಂದು ಸಂಜೆ ನಿಮ್ಮ ಮನೆಯ ಮಗುವನ್ನು ಕೇಳಿ: ನಿಮ್ಮ ಶಾಲೆಯ ಶೌಚಾಲಯಕ್ಕೆ ನೀರು ಹಾಕುವವರು ಯಾರು? ಸ್ಟಾಫ್ ರೂಮಿಗೆ ಕುಡಿಯುವ ನೀರು ತರುವವರು ಯಾರು? ಎರಡೂ ಉತ್ತರದಲ್ಲಿ ಬೇರೆ ಬೇರೆ ಕೇರಿಯ ಹೆಸರುಗಳು ಬಂದರೆ, ಮುಖ್ಯೋಪಾಧ್ಯಾಯರಿಗೆ ಪತ್ರ ಬರೆಯಬೇಕಾದವರು ನೀವು. ಅದನ್ನು ಮಕ್ಕಳ ಮೇಲೆ ಬಿಡಬೇಡಿ.